ಯಾವ ಗುಡ್ಡ ಹತ್ತಬೇಕು? ಬುಕ್ಕಸಾಗರದ ಸುತ್ತಲಿನ ಬೆಟ್ಟಗಳು: ನಂಬಿಕೆ ಮತ್ತು ನಿಜ

ಗೋವಾ, ಗೋಕರ್ಣದ ಕಡಲ ದಂಡೆಗೆ ರಜೆ ಕಳೆಯಲು ಹೋದವರು ಕೊನೆಯ ಎರಡು ದಿನವನ್ನು ಹಂಪಿಗೆಂದು ಉಳಿಸಿಕೊಳ್ಳುವ ರೂಢಿ ಹಳೆಯದು. ವಾಸ್ಕೋದಿಂದ ಹೌರಾ ಕಡೆಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ಸಿನಿಂದ ಹೊಸಪೇಟೆಯಲ್ಲಿ ಇಳಿಯುವ ಇವರ ಕೈಯಲ್ಲಿ ಒಂದು ಪಟ್ಟಿ ಸಿದ್ಧವಾಗಿರುತ್ತದೆ: ಹತ್ತಲೇಬೇಕಾದ ಬೆಟ್ಟಗಳು, ನೋಡಲೇಬೇಕಾದ ಗುಡ್ಡದ ಹಳ್ಳಿಗಳು. ಅದರಲ್ಲಿ ಅಂಜನಾದ್ರಿ ಇರುತ್ತದೆ, ಮತಂಗ ಇರುತ್ತದೆ. ಮಾಲ್ಯವಂತದ ಹೆಸರು ಅಪರೂಪ. ಬುಕ್ಕಸಾಗರವನ್ನು ಯಾರೂ ಬರೆದುಕೊಂಡಿರುವುದಿಲ್ಲ. ಸಂಡೂರಿನ ರಾಮಘಡವಂತೂ ದೂರದ ಮಾತು.

ಎರಡು ದಿನದಲ್ಲಿ ಎಲ್ಲವನ್ನೂ ಹತ್ತಲಾಗದು, ಆಯ್ಕೆ ಮಾಡಲೇಬೇಕು. ಆದರೆ ಈ ಸೀಮೆಯ ಬೆಟ್ಟಗಳ ಬಗ್ಗೆ ಬಾಯಿಂದ ಬಾಯಿಗೆ ಹಬ್ಬಿರುವ ಮಾತುಗಳಲ್ಲಿ ಅರ್ಧ ಸರಿ, ಅರ್ಧ ತಪ್ಪು. ಆ ತಪ್ಪುಗಳಿಂದಲೇ ಎಷ್ಟೋ ಜನ ಒಳ್ಳೆಯ ಜಾಗಗಳನ್ನು ಬಿಟ್ಟು ಹೋಗುತ್ತಾರೆ.

“ಬೆಟ್ಟದ ತುದಿಯಲ್ಲೇ ಚೆಂದದ ಹಳ್ಳಿಗಳಿರುತ್ತವೆ”

ಇದು ಬೇರೆ ಸೀಮೆಯಿಂದ ಬಂದ ಕಲ್ಪನೆ. ಇಟಲಿಯ ಅಮಾಲ್ಫಿ ಕರಾವಳಿಯ ರಾವೆಲ್ಲೊದಂಥ ಊರುಗಳು ಸಮುದ್ರಕ್ಕೆ ಮುಖ ಮಾಡಿ ಎತ್ತರದಲ್ಲಿ ಕೂತಿವೆ. ಮೆಡಿಟರೇನಿಯನ್ ದಂಡೆಯಲ್ಲಿ ಕಡಲ್ಗಳ್ಳರ ಭಯ, ತಗ್ಗಿನ ಜೌಗು ನೆಲದ ಮಲೇರಿಯಾ ಜನರನ್ನು ಮೇಲಕ್ಕೆ ಹತ್ತಿಸಿದ್ದವು. ತುಂಗಭದ್ರೆಯ ದಂಡೆಯಲ್ಲಿ ಊರು ಎಲ್ಲಿರಬೇಕೆಂದು ಹೇಳಿದ್ದು ನೀರು. ಇಲ್ಲಿ ಮಳೆ ಕಡಿಮೆ, ಬಂಡೆಗುಡ್ಡದ ಮೇಲೆ ಬಾವಿ ತೋಡಲಾಗದು. ಮಳೆನೀರು ನಿಲ್ಲುವ ದೊಣೆಗಳನ್ನು ನಂಬಿ ಕೋಟೆಯ ಕಾವಲಿನವರೋ ಗುಡಿಯ ಪೂಜಾರಿಯೋ ಬದುಕಬಹುದು, ಒಂದಿಡೀ ಊರು ಬದುಕದು. ಹಾಗಾಗಿ ತುದಿಯಲ್ಲಿ ಗುಡಿ, ಬುಡದಲ್ಲಿ ಊರು, ಊರಿನ ಪಕ್ಕ ಕಾಲುವೆ.

ಬುಕ್ಕಸಾಗರ ಅಂಥದ್ದೇ ಊರು. ಹೊಳೆಯ ತೆಂಕಣ ದಂಡೆಯಲ್ಲಿ, ಸುತ್ತ ಬಂಡೆಗುಡ್ಡ, ನಡುವೆ ಭತ್ತದ ಗದ್ದೆ, ಬಾಳೆತೋಟ. ವಿಜಯನಗರದ ಅರಸರ ಕಾಲದಲ್ಲಿ ತುಂಗಭದ್ರೆಗೆ ಅಲ್ಲಲ್ಲಿ ಅಣೆಕಟ್ಟು ಕಟ್ಟಿ ತೆಗೆದ ಕಾಲುವೆಗಳಲ್ಲಿ ಹಲವು ಇಂದಿಗೂ ಈ ಸೀಮೆಯ ಗದ್ದೆಗಳಿಗೆ ನೀರುಣಿಸುತ್ತಿವೆ. ಹಂಪಿಯ ಪಕ್ಕದ ತುರ್ತಾ ಕಾಲುವೆ ಅವುಗಳಲ್ಲಿ ಹೆಸರುವಾಸಿ. ಗುಡ್ಡ ಹತ್ತಿ ನಿಂತವರಿಗೆ ಕಾಣುವ ಹಸಿರು ಪಟ್ಟಿಗಳೆಲ್ಲ ಈ ಕಾಲುವೆಗಳ ಗೆರೆಗಳೇ. ಕಾಲುವೆ ಮುಗಿದಲ್ಲಿ ಹಸಿರೂ ಮುಗಿದು, ಅಲ್ಲಿಂದಾಚೆ ಬರೀ ಬಂಡೆ. ಆದ್ದರಿಂದ ಈ ಭಾಗದಲ್ಲಿ ಹಳ್ಳಿ ನೋಡಬೇಕೆಂದರೆ ಗುಡ್ಡದ ಬುಡದಲ್ಲಿ ನಡೆಯಬೇಕು, ಮೇಲೆ ಹತ್ತಿದರೆ ಸಿಗುವುದು ನೋಟ. ಎರಡಕ್ಕೂ ಬೇರೆ ಬೇರೆ ಹೊತ್ತು ಇಟ್ಟುಕೊಳ್ಳುವುದು ಜಾಣತನ. ತುದಿಯಲ್ಲಿ ನಿಜವಾಗಿ ಹಳ್ಳಿ ಇರುವುದನ್ನು ಕಾಣಬೇಕಾದರೆ ಸಂಡೂರಿನ ಗುಡ್ಡಸಾಲಿಗೇ ಹೋಗಬೇಕು.

“ಒಂದು ಬೆಟ್ಟ ಹತ್ತಿದರೆ ಹಂಪಿ ಪೂರ್ತಿ ಕಂಡಂತೆ”

ಈ ಮಾತು ಸುಳ್ಳೆಂದು ಐನೂರು ವರ್ಷದ ಹಿಂದೆಯೇ ಒಬ್ಬ ಪ್ರವಾಸಿ ಬರೆದಿಟ್ಟಿದ್ದಾನೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ವಿಜಯನಗರದ ಅಗಲ ಎಷ್ಟೆಂದು ತಿಳಿಯಲು ಒಂದು ಗುಡ್ಡ ಹತ್ತಿದ. ನಗರದ ಬಹುಭಾಗ ಕಂಡಿತಂತೆ, ಆದರೆ ಪೂರ್ತಿ ಕಾಣಲಿಲ್ಲ. ಅದು ಹಲವು ಬೆಟ್ಟಸಾಲುಗಳ ನಡುವೆ ಹಂಚಿಕೊಂಡಿದೆ ಎಂದು ಕಾರಣವನ್ನೂ ಅವನೇ ಕೊಡುತ್ತಾನೆ. ಕಂಡಷ್ಟೇ ರೋಮ್ ನಗರದಷ್ಟು ದೊಡ್ಡದು ಎಂದು ಹೋಲಿಸುತ್ತಾನೆ.

ನೆಲದ ಆ ಜೋಡಣೆ ಇವತ್ತಿಗೂ ಹಾಗೇ ಇದೆ. ಮತಂಗ ಬೆಟ್ಟದ ನೆತ್ತಿಯಲ್ಲಿ, ವೀರಭದ್ರನ ಗುಡಿಯ ಮಾಳಿಗೆಯ ಬಳಿ ನಿಂತರೆ ಕಾಲಬುಡದಲ್ಲೇ ಅಚ್ಯುತರಾಯನ ದೇಗುಲ, ಅದರ ಮುಂದೆ ಉದ್ದಕ್ಕೆ ಚಾಚಿಕೊಂಡ ಪೇಟೆಬೀದಿಯ ಕಲ್ಲುಕಂಬಗಳು ನಕಾಶೆ ಬಿಡಿಸಿದಂತೆ ಕಾಣುತ್ತವೆ. ದೇಗುಲದ ಕಟ್ಟೋಣವನ್ನು ಒಂದೇ ನೋಟಕ್ಕೆ ಅರಿಯಲು ಇದಕ್ಕಿಂತ ಒಳ್ಳೆಯ ಜಾಗ ಹಂಪಿಯಲ್ಲಿಲ್ಲ. ಹೊಳೆಯಾಚೆಯ ಅಂಜನಾದ್ರಿ ತೋರಿಸುವುದು ಬೇರೆಯದನ್ನು: ಹೊಳೆಯ ತಿರುವು, ಹಸಿರು ಗದ್ದೆ, ದೂರದಲ್ಲಿ ವಿರೂಪಾಕ್ಷನ ಗೋಪುರ. ಇತಿಹಾಸ ಹುಡುಕುವವರಿಗೆ ಮತಂಗ, ಹೊಳೆ ಮತ್ತು ಗದ್ದೆ ನೋಡುವವರಿಗೆ ಅಂಜನಾದ್ರಿ. ಎರಡನ್ನೂ ಒಂದೇ ಬೆಳಗ್ಗೆ ಹತ್ತಲು ಹೊರಟವರು ಎರಡನೆಯದರಲ್ಲಿ ಏದುಸಿರು ಬಿಡುತ್ತಾರೆ. ಅಂಜನಾದ್ರಿಗೆ 575 ಮೆಟ್ಟಿಲು, ಮತಂಗಕ್ಕೆ ಒರಟು ಕಲ್ಲುದಾರಿ. ಮತಂಗಕ್ಕೆ ಕತ್ತಲಲ್ಲಿ ಒಬ್ಬರೇ ಹೋಗಬಾರದೆಂಬ ಎಚ್ಚರಿಕೆ ಬಹುಕಾಲದಿಂದ ಇದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

“ವಯಸ್ಸಾದವರಿಗೆ ಬೆಟ್ಟದ ನೋಟ ದಕ್ಕದು”

ದಕ್ಕುತ್ತದೆ. ಕಮಲಾಪುರದಿಂದ ಕಂಪ್ಲಿಗೆ ಹೋಗುವ ರಸ್ತೆಯಲ್ಲಿ ಮಾಲ್ಯವಂತ ಬೆಟ್ಟವಿದೆ, ರಘುನಾಥನ ಗುಡಿಯ ತನಕ ವಾಹನ ಹೋಗುತ್ತದೆ. ರಾಮ ಲಕ್ಷ್ಮಣರು ಮಳೆಗಾಲ ಕಳೆದದ್ದು ಇಲ್ಲೇ ಎಂಬುದು ಸ್ಥಳೀಯರ ನಂಬಿಕೆ, ಗುಡಿಯಲ್ಲಿ ರಾಮಾಯಣ ಪಾರಾಯಣ ನಡೆಯುತ್ತಲೇ ಇರುತ್ತದೆ. ಗುಡಿಯ ಹಿಂಬದಿಯ ಬಂಡೆಯ ಮೇಲೆ ಕೂತು ಸೂರ್ಯಾಸ್ತ ನೋಡಲು ಮಂಡಿನೋವು ಅಡ್ಡಿಯಾಗದು. ವಿರೂಪಾಕ್ಷ ಗುಡಿಯ ಪಕ್ಕದ ಹೇಮಕೂಟವೂ ಹಾಗೇ, ಏರು ಕಡಿಮೆ. ವಿಜಯನಗರಕ್ಕಿಂತ ಹಳೆಯ ಗುಡಿಗಳು ಇರುವುದೂ ಅಲ್ಲೇ.

“ಭೂಕಂಪಕ್ಕೋ ಜ್ವಾಲಾಮುಖಿಗೋ ಸಿಕ್ಕಿ ಬಂಡೆಗಳು ಹೀಗೆ ಉರುಳಿ ಬಿದ್ದಿವೆ”

ಗೈಡುಗಳಿಂದ ಹಿಡಿದು ಶಾಲಾ ಪ್ರವಾಸದ ಮೇಷ್ಟರ ತನಕ ಹೇಳುವ ಮಾತಿದು. ಬಂಡೆಗಳು ಎಲ್ಲಿಂದಲೂ ಬಂದು ಬಿದ್ದಿಲ್ಲ. ಇದು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ, ರಾಮನಗರದ ಕಡೆಯಿಂದ ಬಡಗಣಕ್ಕೆ ಹಬ್ಬಿದ ಕಲ್ಲಿನ ಪಟ್ಟಿ. ವಯಸ್ಸು ಸುಮಾರು 250 ಕೋಟಿ ವರ್ಷ. ನೆಲದಾಳದಲ್ಲಿ ತಣಿದು ಗಟ್ಟಿಯಾದ ಕಲ್ಲಿನಲ್ಲಿ ಅಡ್ಡಡ್ಡ, ಉದ್ದುದ್ದ ಸೀಳುಗಳು ಬಿದ್ದವು. ಸೀಳಿಗೆ ಇಳಿದ ನೀರು ಕಲ್ಲನ್ನು ಕೊರೆಯಿತು. ಚೌಕ ಕಲ್ಲಿನ ಮೂಲೆಗೆ ಮೂರು ಕಡೆಯಿಂದ ನೀರು ತಾಕುವುದರಿಂದ ಮೂಲೆ ಬೇಗ ಸವೆದು ಕಲ್ಲು ದುಂಡಗಾಗುತ್ತದೆ. ಸಡಿಲವಾದ ಮಣ್ಣು ಮಳೆಗೆ ಕೊಚ್ಚಿ ಹೋದ ಮೇಲೆ ಗುಂಡುಗಳು ಇದ್ದಲ್ಲೇ, ಒಂದರ ಮೇಲೊಂದು ಉಳಿದವು. ಬುಕ್ಕಸಾಗರದ ಹೊರಗಿನ ಯಾವ ಗುಡ್ಡದ ಬಳಿ ನಿಂತು ನೋಡಿದರೂ ಇದು ಕಣ್ಣಿಗೆ ಬೀಳುತ್ತದೆ. ಮೇಲಿನ ಗುಂಡಿನ ತಳ, ಕೆಳಗಿನ ಗುಂಡಿನ ನೆತ್ತಿ ಒಂದಕ್ಕೊಂದು ಹೊಂದುತ್ತವೆ, ನಡುವಿನ ಸೀಳು ಪಕ್ಕದ ಬಂಡೆಯಲ್ಲೂ ಅದೇ ಮಟ್ಟದಲ್ಲಿ ಮುಂದುವರಿದಿರುತ್ತದೆ. ವಾಲಿ ಸುಗ್ರೀವರ ಕಾಳಗದಲ್ಲಿ ಎಸೆದ ಬಂಡೆಗಳು ಎಂಬ ಕಥೆಯ ಸೊಗಸು ಇದರಿಂದ ಕಡಿಮೆಯಾಗುವುದಿಲ್ಲ.

“ಆಚೆ ದಂಡೆ ಕಾಣುತ್ತಲೇ ಇದೆ, ಐದು ನಿಮಿಷದಲ್ಲಿ ದಾಟಬಹುದು”

ಪ್ರವಾಸದ ಲೆಕ್ಕಾಚಾರ ಹೆಚ್ಚಾಗಿ ಕೆಡುವುದು ಇಲ್ಲೇ. ಪಾಯಸ್ ಕಂಡಾಗಲೂ ಆಚೆ ದಂಡೆಯ ಆನೆಗೊಂದಿಗೆ ದಾಟಲು ಬುಟ್ಟಿಯಂಥ ದುಂಡು ದೋಣಿಗಳಿದ್ದವು. ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಕೂರುವಷ್ಟು ದೊಡ್ಡವು, ಹುಟ್ಟು ಹಾಕಿದಂತೆಲ್ಲ ಗಿರ್ರನೆ ತಿರುಗುತ್ತವೆ ಎಂದು ಅವನು ಬರೆದಿದ್ದಾನೆ. ಇವತ್ತಿನ ಹರಿಗೋಲಿನಲ್ಲಿ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಬಿದಿರಿನ ಹೆಣಿಗೆ, ತಿರುಗುವ ಚಾಳಿ ಹಾಗೇ ಉಳಿದಿವೆ.

ಆದರೆ ಹರಿಗೋಲು ನಡೆಯುವುದೂ ನಿಲ್ಲುವುದೂ ಮೇಲಿನ ಅಣೆಕಟ್ಟೆಯ ಕೈಯಲ್ಲಿದೆ. 1953ರಲ್ಲಿ ಮುಗಿದ ತುಂಗಭದ್ರಾ ಜಲಾಶಯಕ್ಕೆ 33 ಕ್ರಸ್ಟ್ ಗೇಟುಗಳು. ಮಲೆನಾಡಿನಲ್ಲಿ ಮಳೆ ಹೆಚ್ಚಾಗಿ ಗೇಟು ತೆರೆದರೆ ಹಂಪಿಯಲ್ಲಿ ಒಂದು ಹನಿ ಬೀಳದಿದ್ದರೂ ಹೊಳೆ ಉಕ್ಕುತ್ತದೆ. ಹಂಪಿಯ ಹೊಳೆದಂಡೆಯ ಪುರಂದರ ಮಂಟಪ ಮುಳುಗುತ್ತದೆ, ಹೊರಹರಿವು ಇನ್ನೂ ಹೆಚ್ಚಿದರೆ ಕಂಪ್ಲಿ ಸೇತುವೆಯ ಮೇಲೂ ನೀರು ಹರಿದು ಗಂಗಾವತಿ ದಾರಿ ಬಂದಾಗುತ್ತದೆ. 2019ರ ಆಗಸ್ಟ್‌ನಲ್ಲಿ ಹೊಳೆಯಾಚೆಯ ವಿರೂಪಾಪುರ ಗಡ್ಡೆಯಲ್ಲಿ ಸಿಕ್ಕಿಕೊಂಡ ನೂರಾರು ಪ್ರವಾಸಿಗರನ್ನು ಪ್ರವಾಹದ ನಡುವೆ ರಕ್ಷಿಸಬೇಕಾಯಿತು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟೇ ಕಿತ್ತುಹೋಗಿ ನೀರು ಧುಮ್ಮಿಕ್ಕಿದ್ದನ್ನು ಈ ಭಾಗದ ರೈತರು ಮರೆತಿಲ್ಲ. ಮಳೆಗಾಲದಲ್ಲಿ ಬರುವವರು ಆಕಾಶ ನೋಡಿ ಹೊರಟರೆ ಸಾಲದು, ಜಲಾಶಯದ ಹೊರಹರಿವನ್ನೂ ವಿಚಾರಿಸಿಕೊಳ್ಳಬೇಕು.

ಹಂಪಿ ಬದಿಯ ತಳವಾರಘಟ್ಟದಿಂದ ಆನೆಗೊಂದಿಗೆ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಕೆಲಸಗಾರರು ಜೀವ ಕಳೆದುಕೊಂಡರು. ಈಗ ವಾಹನದಲ್ಲಿ ಆಚೆ ದಾಟಲು ಹತ್ತಿರದ ದಾರಿ ಬುಕ್ಕಸಾಗರ ಮತ್ತು ಕಡೇಬಾಗಿಲು ನಡುವಿನ ಸೇತುವೆ. ಅದಾಗುವ ಮೊದಲು ಕಾರಿನವರು ಬಹಳ ಸುತ್ತಬೇಕಿತ್ತು. ಹಂಪಿಯಿಂದ ಅಂಜನಾದ್ರಿಗೆ ಹೋಗುವವರೆಲ್ಲ ಹಾಯುವ ಊರಾದರೂ ಬುಕ್ಕಸಾಗರದಲ್ಲಿ ಗಾಡಿ ನಿಲ್ಲಿಸಿ ಇಳಿಯುವವರು ಕಡಿಮೆ. ಸೇತುವೆಯ ಬಳಿ ಸ್ವಲ್ಪ ಹೊತ್ತು ನಿಂತರೆ ಹೊಳೆ, ಬಂಡೆ, ಗದ್ದೆ ಮೂರೂ ಒಂದೇ ನೋಟಕ್ಕೆ ಸಿಗುತ್ತವೆ, ಒಂದು ಮೆಟ್ಟಿಲನ್ನೂ ಹತ್ತದೆ.

ಹಳೆಯ ಸಲಹೆಗಳನ್ನು ನಂಬಿ ವಿರೂಪಾಪುರ ಗಡ್ಡೆಯಲ್ಲಿ ವಸತಿ ಹುಡುಕುವವರು ಇನ್ನೂ ಇದ್ದಾರೆ. ಸುಪ್ರೀಂ ಕೋರ್ಟಿನ ಆದೇಶದ ಬೆನ್ನಲ್ಲೇ 2020ರಲ್ಲಿ ಅಲ್ಲಿನ ರೆಸಾರ್ಟುಗಳನ್ನು ತೆರವು ಮಾಡಲಾಗಿದೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಈ ಪ್ರದೇಶದಲ್ಲಿ ಎಲ್ಲೆಂದರಲ್ಲಿ ಕಟ್ಟಡ ಏಳುವಂತಿಲ್ಲ. ತಂಗುವ ಜಾಗಕ್ಕೆ ಪರವಾನಗಿ ಇದೆಯೇ ಎಂದು ಮೊದಲೇ ಕೇಳಿಕೊಳ್ಳುವುದು ಒಳಿತು.

“ಸಂಡೂರೆಂದರೆ ಕೆಂಪು ಧೂಳು, ಅಲ್ಲಿ ನೋಡಲು ಏನಿದೆ?”

ಬಳ್ಳಾರಿ ಸೀಮೆಗೆ ಬೇಸಿಗೆ, ಕಡುಬೇಸಿಗೆ ಎಂಬ ಎರಡೇ ಕಾಲ ಎನ್ನುವವರೂ, ಗಣಿಯ ಸುದ್ದಿಯನ್ನಷ್ಟೇ ಓದಿದವರೂ ಸೇರಿ ಹುಟ್ಟಿಸಿದ ಮಾತಿದು. ಹೊಸಪೇಟೆಯಿಂದ ಸುಮಾರು 30 ಕಿಲೋಮೀಟರ್ ದೂರದ ಸಂಡೂರು ಎರಡು ಬೆಟ್ಟಸಾಲುಗಳ ನಡುವಿನ ಕಣಿವೆ. ಇಲ್ಲಿನ ಕಲ್ಲು ಹಂಪಿಯ ಗ್ರಾನೈಟ್ ಅಲ್ಲ, ಅದಕ್ಕಿಂತಲೂ ಹಳೆಯ, ಕಬ್ಬಿಣದ ಪದರಗಳುಳ್ಳ ಶಿಲೆ. ಗುಂಡುಗಳ ರಾಶಿಯ ಬದಲು ಮರ ತುಂಬಿದ, ನೆತ್ತಿ ಚಪ್ಪಟೆಯಾದ ಉದ್ದನೆಯ ಗುಡ್ಡಗಳು. ನಾರಿಹಳ್ಳ ಈ ಸಾಲುಗಳನ್ನು ಸೀಳಿಕೊಂಡು ಹರಿಯುವ ಇಕ್ಕಟ್ಟಿನ ಜಾಗಗಳೇ ಭೀಮಗಂಡಿ, ಓಬಳಗಂಡಿ.

ಸೆಪ್ಟೆಂಬರ್‌ನಲ್ಲಿ ಸಂಡೂರು ನೋಡಬೇಕೆಂಬ ಮಾತನ್ನು ಗಾಂಧೀಜಿಯ ಹೆಸರಿಗೆ ಹಚ್ಚಿ ಹೇಳುವುದುಂಟು. ಅವರು ಈ ಭಾಗಕ್ಕೆ ಬಂದದ್ದು 1934ರ ಹರಿಜನ ಯಾತ್ರೆಯಲ್ಲಿ, ಬಿಸಿಲು ಏರುತ್ತಿದ್ದ ದಿನಗಳಲ್ಲಿ. ಅದಕ್ಕೆ ಎರಡು ವರ್ಷ ಮೊದಲು, 1932ರಲ್ಲಿ, ಸಂಡೂರಿನ ಘೋರ್ಪಡೆ ಅರಸರು ಕುಮಾರಸ್ವಾಮಿ ದೇಗುಲವನ್ನು ಎಲ್ಲ ಜಾತಿಯವರಿಗೂ ತೆರೆದಿದ್ದರು. ಮಾತು ಯಾರದೇ ಇರಲಿ, ತಿಂಗಳ ಆಯ್ಕೆ ಮಾತ್ರ ಸರಿ. ಮುಂಗಾರಿನ ಕೊನೆಗೆ ಗುಡ್ಡಗಳು ಹಸಿರೇರಿ ಬೆಳಗ್ಗೆ ಮೋಡ ಇಳಿಯುತ್ತದೆ. ಏಪ್ರಿಲ್‌ನಲ್ಲಿ ಬಂದು ನಿರಾಶರಾಗಿ ಹೋದವರ ದೂರು ಬೆಟ್ಟದ ಮೇಲೆ ಹೊರಿಸುವಂಥದ್ದಲ್ಲ.

ಕುಮಾರಸ್ವಾಮಿ ಬೆಟ್ಟಕ್ಕೆ ಹೆಂಗಸರು ಹೋಗುವಂತಿಲ್ಲ ಎಂಬ ಮಾತೂ ಕಿವಿಗೆ ಬೀಳುತ್ತದೆ. ಸಂಪ್ರದಾಯದ ಅಡ್ಡಿ ಇರುವುದು ಕುಮಾರಸ್ವಾಮಿಯ ಗುಡಿಗೆ. ಅದೇ ಆವರಣದ ಪಾರ್ವತಿ ಗುಡಿಗೆ, ಸುತ್ತಲಿನ ಕಾಡಿಗೆ ಅಡ್ಡಿಯಿಲ್ಲ. ಬಾದಾಮಿ ಚಾಲುಕ್ಯರ ಕಾಲದ ಆ ಪಾರ್ವತಿ ಗುಡಿ ಹಂಪಿಯ ದೊಡ್ಡ ದೇಗುಲಗಳಿಗಿಂತ ಏಳೆಂಟು ಶತಮಾನ ಹಳೆಯದು. ಅದೊಂದನ್ನು ನೋಡಲಿಕ್ಕೇ ಈ ಬೆಟ್ಟಕ್ಕೆ ಬರಬಹುದು.

ಗಣಿಯ ಗಾಯ ಸುಳ್ಳಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸುವ ಸ್ಥಿತಿ ಬಂದಿತ್ತು, ಆಮೇಲೆ ಕಟ್ಟುನಿಟ್ಟಿನ ಷರತ್ತುಗಳೊಂದಿಗೆ ಮರಳಿ ಆರಂಭವಾಯಿತು. ದೇವದಾರಿ ಗುಡ್ಡದಲ್ಲಿ 400 ಹೆಕ್ಟೇರಿಗೂ ಹೆಚ್ಚು ಕಾಡನ್ನು ಅದಿರಿಗಾಗಿ ಕೊಡುವ ಯೋಜನೆಗೆ 99 ಸಾವಿರ ಮರಗಳು ಬಲಿಯಾಗುತ್ತವೆಂದು 2024ರಲ್ಲಿ ದೊಡ್ಡ ವಿರೋಧ ಎದ್ದಿತು. ಸಂಡೂರಿನಲ್ಲಿ ನೋಡಲು ಏನೂ ಇಲ್ಲ ಎಂಬ ಮಾತು ಕಡಿಯಲು ಹೊರಟವರಿಗೇ ಅನುಕೂಲ. ಕಾಡು ಉಳಿದಿದೆ ಎಂದು ಜನ ಕಣ್ಣಾರೆ ಕಂಡರೆ ಅದರ ಪರ ಮಾತಾಡುವವರೂ ಹೆಚ್ಚುತ್ತಾರೆ.

“ರಾಮಘಡ ಎಂದರೆ ಇನ್ನೊಂದು ಊಟಿ”

ಬಳ್ಳಾರಿಯ ದಂಡಿನಲ್ಲಿದ್ದ ಬ್ರಿಟಿಷ್ ಸೈನಿಕರು ಬಿಸಿಲಿಗೆ ಕಾಯಿಲೆ ಬಿದ್ದಾಗ ಚೇತರಿಸಿಕೊಳ್ಳಲೆಂದು 19ನೇ ಶತಮಾನದಲ್ಲಿ ಇಲ್ಲಿ ಆರೋಗ್ಯಧಾಮ ಮಾಡಿದ್ದರು. ಆಗ ಇದರ ಹೆಸರು ರಾಮನದುರ್ಗ. ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಗೂ ಎತ್ತರದ ನೆತ್ತಿಯಲ್ಲಿ ಗಾಳಿ ನಿಜಕ್ಕೂ ತಂಪು. ಆದರೆ ಊಟಿಯ ಪೇಟೆ, ಹೋಟೆಲು ಇಲ್ಲಿಲ್ಲ. ಇರುವುದು ಗುಡ್ಡದ ಮೇಲಿನ ಪುಟ್ಟ ಹಳ್ಳಿ, ಕೆಳಗೆ ಕಣಿವೆ. ಗೋವಾದಿಂದ ಬಂದವರು ಬಯಸುವ ಬೆಟ್ಟದ ತುದಿಯ ಊರು ಈ ಸೀಮೆಯಲ್ಲಿ ಸಿಗುವುದಿದ್ದರೆ ಇಲ್ಲೇ.

ಮರಳುವಾಗ ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ಲಂಬಾಣಿ ಹೆಂಗಸರ ಕಸೂತಿ ನೋಡಬಹುದು. ಕನ್ನಡಿ, ಕವಡೆ ಕೂರಿಸಿ ಹೊಲಿಯುವ ಈ ಕೆಲಸಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಭೆಯ ಹೊತ್ತಿಗೆ ಇವರು ಹೊಲಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು.

ಒಂದೇ ದಿನ ಇದ್ದವರು ಬೆಳಗ್ಗೆ ಮತಂಗ, ಸಂಜೆ ಮಾಲ್ಯವಂತ ಇಟ್ಟುಕೊಂಡು ನಡುವೆ ಬುಕ್ಕಸಾಗರದ ಹೊಳೆಬದಿಗೆ ಹೋಗಿ ಬರಬಹುದು. ಎರಡನೆಯ ದಿನ ಇದ್ದು, ಅದು ಸೆಪ್ಟೆಂಬರೋ ಅಕ್ಟೋಬರೋ ಆಗಿದ್ದರೆ, ಅಂಜನಾದ್ರಿಯ ಜನಜಂಗುಳಿ ಬಿಟ್ಟು ಸಂಡೂರಿಗೆ ಹೊರಡುವುದೇ ಲೇಸು. ಅದಿರು ಲಾರಿಗಳ ಓಡಾಟ ಹೆಚ್ಚುವ ಮೊದಲೇ ಹೊಸಪೇಟೆ ಬಿಡಬೇಕು. ರಾಮಘಡದ ಏರು ಹತ್ತುವ ಮುನ್ನ ಕುಡಿಯುವ ನೀರಿನ ಜೊತೆ ಒಗ್ಗರಣೆ ಮಂಡಕ್ಕಿ, ಮಿರ್ಚಿಯನ್ನು ಸಂಡೂರಿನಲ್ಲೇ ಕಟ್ಟಿಸಿಕೊಂಡು, ಕತ್ತಲಾಗುವ ಮೊದಲು ಕೆಳಗಿಳಿಯಬೇಕು.