ತಳದಿಂದ ಎದ್ದ ತಂಡ

ಪ್ರಶ್ನೆ: ಕ್ರಿಸ್‌ಮಸ್ ಹೊತ್ತಿಗೆ ಇಂಗ್ಲಿಷ್ ಫುಟ್‌ಬಾಲ್‌ನ ಪ್ರೀಮಿಯರ್ ಲೀಗ್ ಪಟ್ಟಿಯ ತಳದಲ್ಲಿದ್ದ ತಂಡ ಕೆಳಗಿನ ಡಿವಿಷನ್‌ಗೆ ಇಳಿಯದೆ ಪಾರಾದದ್ದುಂಟೇ?

ಉತ್ತರ: ಉಂಟು. ಮೊದಲು ಹಾಗೆ ಪಾರಾದದ್ದು 2004–05ರಲ್ಲಿ, ಮ್ಯಾನೇಜರ್ ಬ್ರಯಾನ್ ರಾಬ್ಸನ್ ಅವರ ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್. 20 ತಂಡಗಳಲ್ಲಿ ಕೊನೆಯ ಮೂರು ಇಳಿಯಬೇಕು. ಮೇ 15ರ ಕೊನೆಯ ಪಂದ್ಯಗಳು ಶುರುವಾದಾಗಲೂ ಆಲ್ಬಿಯನ್ ತಳದಲ್ಲೇ ಇತ್ತು. ಪೋರ್ಟ್ಸ್‌ಮತ್ ವಿರುದ್ಧ 2–0 ಗೆದ್ದರು, ಆದರೆ ಅಷ್ಟೇ ಸಾಲದು! ಮೇಲಿದ್ದ ಮೂರೂ ತಂಡ ಎಡವಬೇಕು. ನಾರ್ವಿಚ್ 0–6ರಿಂದ ಸೋತಿತು, ಸೌತಾಂಪ್ಟನ್ 1–2ರಿಂದ. ಕ್ರಿಸ್ಟಲ್ ಪ್ಯಾಲೆಸ್ ಮಾತ್ರ ಚಾರ್ಲ್ಟನ್ ವಿರುದ್ಧ 2–1 ಮುಂದಿತ್ತು. 82ನೇ ನಿಮಿಷದಲ್ಲಿ ಚಾರ್ಲ್ಟನ್ ಸಮ ಮಾಡಿತು. ಆಲ್ಬಿಯನ್ 34 ಅಂಕ, ಪ್ಯಾಲೆಸ್ 33. ಪ್ರಶಸ್ತಿಯ ಪೈಪೋಟಿಗಿಂತ ಇಂಥ ಮಧ್ಯಾಹ್ನಗಳೇ ನನಗೆ ದೊಡ್ಡವು. ಲೆಸ್ಟರ್ ಸಿಟಿಯಂತೂ 2014–15ರಲ್ಲಿ ಕ್ರಿಸ್‌ಮಸ್‌ಗೆ ತಳದಲ್ಲಿದ್ದೂ ಉಳಿದು, ಮರುವರ್ಷ ಚಾಂಪಿಯನ್ ಆಯಿತು.