ಮೂರು ಸ್ತೂಪಗಳ ಕಣಿವೆ

ಥೈಲೆಂಡಿನ ಪಶ್ಚಿಮದಂಚಿನಲ್ಲಿ, ಕಾಂಚನಬುರಿ ಪ್ರಾಂತಕ್ಕೆ ಸೇರಿದ ಸಂಖ್ಲಬುರಿ ಎಂಬ ಗಡಿ ಜಿಲ್ಲೆಯಿದೆ. ಸಂಸ್ಕೃತದ 'ಕಾಂಚನ', 'ಪುರಿ' ಶಬ್ದಗಳು ಅಷ್ಟು ದೂರ ಪ್ರವಾಸ ಮಾಡಿರುವುದನ್ನು ವಾಚಕರು ಗಮನಿಸಿರಬಹುದು. ಉತ್ತರ ದಕ್ಷಿಣವಾಗಿ ಹಬ್ಬಿರುವ ತೆನಾಸ್ಸರಿಮ್ ಪರ್ವತಸಾಲು ಇಲ್ಲಿ ಥೈಲೆಂಡನ್ನು ಮ್ಯಾನ್ಮಾರಿನಿಂದ ಬೇರ್ಪಡಿಸುತ್ತದೆ. ಆ ಸಾಲು ಸಮುದ್ರಮಟ್ಟಕ್ಕಿಂತ ಸುಮಾರು 280 ಮೀಟರು ಎತ್ತರಕ್ಕೆ ತಗ್ಗುವೆಡೆಯಲ್ಲಿ ಮೂರು ಚಿಕ್ಕ ಬಿಳಿಯ ಸ್ತೂಪಗಳಿವೆ; ಕಣಿವೆಗೂ ಅವುಗಳದೇ ಹೆಸರು. ಬರ್ಮೀ ಸೈನ್ಯಗಳು ಸಯಾಮಿನ ಮೇಲೆ ಹಲವು ಬಾರಿ ದಂಡೆತ್ತಿ ಹೋದದ್ದು ಈ ದಾರಿಯಿಂದಲೇ.

ದಾರಿ ಸುಗಮವಾದುದರ ಬೆಲೆಯನ್ನು ಇಪ್ಪತ್ತನೆಯ ಶತಮಾನವೂ ತೆರಬೇಕಾಯಿತು. ಬರ್ಮಾಕ್ಕೆ ಹೋಗುವ ಸಮುದ್ರಮಾರ್ಗ ಶತ್ರುಗಳ ದಾಳಿಗೆ ಈಡಾಗಿದ್ದುದರಿಂದ, 1942ರಲ್ಲಿ ಜಪಾನೀ ಸೈನ್ಯವು ಈ ಕಣಿವೆಯ ಮೂಲಕ 415 ಕಿಲೋಮೀಟರ್ ರೈಲುದಾರಿ ಹಾಕಲು ತೊಡಗಿತು. ಕೆಲಸ ಮುಗಿದದ್ದು 1943ರ ಅಕ್ಟೋಬರಿನಲ್ಲಿ. ಆ ವರ್ಷದ ಮಳೆಗಾಲದಲ್ಲಿ ಕಾಲರಾ ಹಬ್ಬಿ ಶಿಬಿರಗಳು ಬರಿದಾದವು. ದುಡಿದ ಸುಮಾರು 60,000 ಯುದ್ಧಕೈದಿಗಳಲ್ಲಿ 12,000ಕ್ಕೂ ಹೆಚ್ಚು ಮಂದಿ ಸತ್ತರು. ಅವರಿಗೆ ಸಮಾಧಿಕಲ್ಲುಗಳಿವೆ, ಗ್ರಂಥಗಳಿವೆ. ಆದರೆ ಬರ್ಮಾ, ಜಾವಾಗಳಿಂದಲೂ ಮಲಯದ ರಬ್ಬರು ತೋಟಗಳಿಂದಲೂ ತಂದ ಕೂಲಿಗಳು ಇವರಿಗಿಂತ ಎಷ್ಟೋ ಪಾಲು ಹೆಚ್ಚಾಗಿ ಮಡಿದರು. ಅವರಲ್ಲಿ ತಮಿಳರು ಬಹಳ. ಅವರ ಹೆಸರನ್ನು ಬರೆದಿಟ್ಟವರಿಲ್ಲ, ಲೆಕ್ಕವೂ ಅಂದಾಜಿನದು. ಯುದ್ಧಾನಂತರ ಗಡಿಯ ಬಳಿಯ ಹಳಿಗಳನ್ನು ಕಿತ್ತುಹಾಕಿದರು.

ಸಂಖ್ಲಬುರಿಯಲ್ಲಿ ಮೂರು ಹೊಳೆಗಳು ಕೂಡಿ ಖ್ವೇ ನೊಯ್ ನದಿಯಾಗುತ್ತವೆ. ಬೆಟ್ಟಗಳ ಸೀಮೆಯಲ್ಲಿ ಸಮತಟ್ಟಾದ ನೆಲವೆಂದರೆ ಇಂಥ ಸಂಗಮದ ಸುತ್ತಲಿನದೇ. ಊರೂ ಗದ್ದೆಗಳೂ ಅಲ್ಲಿಯೇ ಇದ್ದವು. ಆದ್ದರಿಂದ ಕೆಳಭಾಗದಲ್ಲಿ ಕಟ್ಟಿದ ಖಾವೊ ಲೇಮ್ ಅಣೆಕಟ್ಟು (ಈಗ ಅದಕ್ಕೆ ವಜಿರಲೋಂಗ್ಕೋರ್ನ್ ಎಂದು ಹೆಸರು) 1984ರಲ್ಲಿ ನೀರು ನಿಲ್ಲಿಸಿದಾಗ ಮೊದಲು ಮುಳುಗಿದ್ದು ಜನ ಬಾಳಿದ ನೆಲವೇ. ನಿವಾಸಿಗಳು ಮೇಲಿನ ದಡಗಳಿಗೆ ಸರಿದರು. ಬೇಸಗೆಯಲ್ಲಿ ಜಲಾಶಯ ಇಳಿದರೆ ಹಳೆಯ ವಿಹಾರದ ಗೋಡೆಗಳು ಇಂದಿಗೂ ಹೊರಬರುತ್ತವೆ.

ಮುಳುಗಿದ ಆ ವಿಹಾರವನ್ನು ಕಟ್ಟಿಸಿದವರು ಬರ್ಮಾದಿಂದ ವಲಸೆ ಬಂದ ಮೋನ್ ಜನರ ಗುರು, ಭಿಕ್ಷು ಉತ್ತಮ (1910–2006). ಬುದ್ಧಗಯೆಯ ಮಂದಿರವನ್ನು ಹೋಲುವ ಎತ್ತರದ ಸ್ತೂಪವೊಂದೂ ಅವರ ಕಾರ್ಯ. ಮೋನ್ ವಸತಿಯನ್ನೂ ಪಟ್ಟಣವನ್ನೂ ಜೋಡಿಸುವ ಮರದ ಉದ್ದ ಸೇತುವೆಗೆ ಅವರದೇ ಹೆಸರು. ವಲಸೆಗಾರರಲ್ಲಿ ಅನೇಕರಿಗೆ ಪೌರತ್ವ ದೊರೆಯದೆ ದಶಕಗಳು ಕಳೆದವು. ಸೇತುವೆ ದಾಟುವುದಕ್ಕಾದರೋ ಪತ್ರದ ಅಗತ್ಯವಿರಲಿಲ್ಲ. 2013ರ ಜುಲೈಯಲ್ಲಿ ಪ್ರವಾಹದೊಡನೆ ತೇಲಿಬಂದ ಬಿದಿರು, ಕಸಕಡ್ಡಿಗಳು ಕಂಬಗಳಿಗೆ ಬಡಿದು ಅದರ ನಡುಭಾಗ ಕೊಚ್ಚಿಹೋಯಿತು. ದುರಸ್ತಾದ ಸೇತುವೆಯ ಮೇಲೆ 2014ರಲ್ಲಿ ಮತ್ತೆ ಜನಸಂಚಾರ ಆರಂಭವಾಯಿತು.