ಬೈಸಿಕಲ್ಲಿನ ಫೋರ್ಕು ಎಷ್ಟು ಮುಂದಕ್ಕೆ ಬಾಗಿದೆ?

ಮಂಗಳೂರು ಏರಿಳಿತಗಳ ಊರು. ಬಾವುಟಗುಡ್ಡೆಯಿಂದ ಹಂಪನಕಟ್ಟೆಯತ್ತ ಬೈಸಿಕಲ್ಲಿನಲ್ಲಿ ಇಳಿಯುವವನು ಪೆಡಲು ತುಳಿಯಬೇಕಾಗಿಲ್ಲ. ಆದರೆ ವೇಗ ಹೆಚ್ಚಿದಂತೆಲ್ಲ ಅವನ ಕ್ಷೇಮವು ಮುಂದಿನ ಚಕ್ರವನ್ನು ಹಿಡಿದಿರುವ ಎರಡು ಉಕ್ಕಿನ ಕಾಲುಗಳನ್ನು, ಎಂದರೆ ಫೋರ್ಕನ್ನು, ಅವಲಂಬಿಸುತ್ತದೆ. ಮಳೆಗಾಲದಲ್ಲಿ ನೀರು ತುಂಬಿದ ಹೊಂಡಕ್ಕೆ ಚಕ್ರ ರಭಸದಿಂದ ಬಿದ್ದರೆ ಈ ಕಾಲುಗಳು ಹಿಂದಕ್ಕೆ ಬಾಗುವುದುಂಟು. ಕಣ್ಣಂದಾಜಿಗೆ ಸಿಕ್ಕದ ಇಂತಹ ಬಾಗನ್ನು ಮನೆಯಲ್ಲಿಯೇ ಅಳೆಯಬಹುದೆ?

ಹ್ಯಾಂಡಲನ್ನು ತಿರುಗಿಸಿದಾಗ ಫೋರ್ಕು ಒಂದು ಓರೆಯಾದ ಅಕ್ಷದ ಸುತ್ತ ತಿರುಗುವುದಷ್ಟೆ. ಆ ಅಕ್ಷಕ್ಕೂ ಚಕ್ರದ ಅಚ್ಚಿಗೂ ನಡುವಣ ಲಂಬದೂರಕ್ಕೆ 'ರೇಕ್' ಎಂದು ಹೆಸರು. ಅಕ್ಷವು ಕೊಳವೆಯೊಳಗೆ ಅಡಗಿರುವಾಗ ಅಳತೆಪಟ್ಟಿಯನ್ನು ಇಡುವುದೆಲ್ಲಿ? ಇಲ್ಲಿ ರೇಖಾಗಣಿತ ನೆರವಿಗೆ ಬರುತ್ತದೆ. ಫೋರ್ಕನ್ನು ಅರ್ಧ ಸುತ್ತು ತಿರುಗಿಸಿದರೆ ಅಚ್ಚಿನ ಸ್ಥಾನವು ಅಕ್ಷದ ಹಿಂಬದಿಗೆ ಅಷ್ಟೇ ದೂರ ಸರಿಯುತ್ತದೆ. ಈ ಎರಡು ಸ್ಥಾನಗಳ ನಡುವಣ ದೂರದ ಅರ್ಧವೇ ರೇಕ್.

ಮೊದಲು ಸಮನೆಲದಲ್ಲಿ ನೆಲದಿಂದ ಅಚ್ಚಿನ ಎತ್ತರವನ್ನು ಅಳೆದಿಡೋಣ. ಬಳಿಕ ಮುಂದಿನ ಚಕ್ರವನ್ನು ಕಳಚಿ, ಫೋರ್ಕಿನ ತುದಿ ಮೊದಲಿನ ಎತ್ತರದಲ್ಲಿಯೇ ಉಳಿಯುವಂತೆ ಬೈಸಿಕಲ್ಲಿಗೆ ಒತ್ತು ಕೊಟ್ಟು, ಅಲುಗಾಡದಂತೆ ನೆಟ್ಟಗೆ ಕಟ್ಟಬೇಕು. ತಿರುಗಲು ಅಡ್ಡಿಯಾಗುವ ಬ್ರೇಕಿನ ತಂತಿಯನ್ನೋ ಸರಳನ್ನೋ ಬಿಡಿಸಬೇಕು. ಫೋರ್ಕಿನಿಂದ ಒಂದು ಗೇಣು ದೂರದಲ್ಲಿ, ಬೈಸಿಕಲ್ಲಿಗೆ ಸಮಾಂತರವಾಗಿ ಒಂದು ದಪ್ಪ ರಟ್ಟನ್ನು ನಿಲ್ಲಿಸೋಣ. ಅಚ್ಚಿನಷ್ಟೇ ದಪ್ಪದ ನೇರವಾದ ಕಡ್ಡಿಯೊಂದನ್ನು ಅಚ್ಚು ಕೂರುವ ಎರಡು ಸೀಳುಗಳಲ್ಲಿಟ್ಟು, ಅದರ ತುದಿ ರಟ್ಟನ್ನು ಮುಟ್ಟಿದೆಡೆ ಗುರುತು ಮಾಡೋಣ. ಕಡ್ಡಿಯನ್ನು ತೆಗೆದು, ಹ್ಯಾಂಡಲನ್ನು ಅರ್ಧ ಸುತ್ತು ತಿರುಗಿಸಿ, ಕಡ್ಡಿಯನ್ನು ಮತ್ತೆ ಇಟ್ಟು ಎರಡನೆಯ ಗುರುತು ಹಾಕೋಣ.

ಗುರುತುಗಳ ನಡುವೆ 14 ಸೆಂಟಿಮೀಟರ್ ಇದೆಯೆನ್ನೋಣ; ರೇಕ್ 7 ಸೆಂಟಿಮೀಟರ್ ಆಯಿತು. ಮುಂದಿನ ಗುರುತು ಹಿಂದಿನದಕ್ಕಿಂತ 5.2 ಸೆಂಟಿಮೀಟರ್ ಮೇಲಿದ್ದು, ಅವುಗಳ ಅಡ್ಡದೂರ 13 ಸೆಂಟಿಮೀಟರ್ ಆಗಿದ್ದರೆ ಇನ್ನೊಂದು ಅಳತೆಯೂ ದೊರೆಯುತ್ತದೆ. ಅಕ್ಷವನ್ನು ನೆಲದವರೆಗೆ ನೀಡಿದರೆ ಅದು ಚಕ್ರವು ನೆಲವನ್ನು ಮುಟ್ಟುವ ಎಡೆಗಿಂತ ತುಸು ಮುಂದೆ ನೆಲಕ್ಕೆ ತಾಗುತ್ತದೆ. ಈ ಅಂತರವೇ 'ಟ್ರೇಲ್'. ಚಕ್ರದ ತ್ರಿಜ್ಯ 35 ಸೆಂಟಿಮೀಟರ್ ಆದರೆ, 35 × 5.2 ÷ 13 = 14; ಇದರಿಂದ 7 × 14 ÷ 13 = 7.5 ಅನ್ನು ಕಳೆದರೆ ಟ್ರೇಲ್ ಸುಮಾರು 6.5 ಸೆಂಟಿಮೀಟರ್. ಅಕ್ಷದ ಓರೆ ಬದಲಾಗದೆ ರೇಕ್ 5ಕ್ಕೆ ಇಳಿದರೆ ಟ್ರೇಲ್ ಸುಮಾರು 8.6ಕ್ಕೆ ಏರುತ್ತದೆ, ಹ್ಯಾಂಡಲಿನ ವರ್ತನೆಯೇ ಬೇರೆಯಾಗುತ್ತದೆ.

ಟ್ರೇಲಿನ ಮಹತ್ತ್ವವನ್ನು 1970ರಲ್ಲಿ ಡೇವಿಡ್ ಜೋನ್ಸ್ ಎಂಬ ಇಂಗ್ಲೆಂಡಿನ ವಿಜ್ಞಾನಿ ಪ್ರಯೋಗಗಳಿಂದ ತೋರಿಸಿದರು. ಫೋರ್ಕನ್ನು ಹಿಂದುಮುಂದಾಗಿಸಿ ಟ್ರೇಲನ್ನು ಹೆಚ್ಚಿಸಿದಾಗ ಬೈಸಿಕಲ್ಲು ಬಹಳ ಸ್ಥಿರವಾಯಿತು. ಚಕ್ರವನ್ನು ಮುಂದಕ್ಕೆ ಸರಿಸಿ ಟ್ರೇಲನ್ನು ಋಣವಾಗಿಸಿದಾಗ ಸವಾರಿ ಬಲು ಕಷ್ಟವಾಯಿತು. ಆದರೆ ಇದೊಂದೇ ಸ್ಥಿರತೆಯ ಗುಟ್ಟಲ್ಲ. ಟ್ರೇಲಾಗಲಿ ಚಕ್ರದ ಬುಗುರಿಯಂತಹ ಗುಣವಾಗಲಿ ಇಲ್ಲದೆಯೂ ತಾನಾಗಿ ನೆಟ್ಟಗೆ ಓಡಬಲ್ಲ ಬೈಸಿಕಲ್ಲನ್ನು 2011ರಲ್ಲಿ ವಿಜ್ಞಾನಿಗಳು ರಚಿಸಿ ತೋರಿಸಿದರು.

ಹಾಗೆಂದು ಬಾಗಿದ ಫೋರ್ಕು ಹೆಚ್ಚು ಸ್ಥಿರವೆಂದು ಯಾರೂ ಹಿಗ್ಗಬಾರದು. ಒಮ್ಮೆ ಬಾಗಿದ ಉಕ್ಕಿನಲ್ಲಿ ಸೂಕ್ಷ್ಮವಾದ ಬಿರುಕುಗಳಿರಬಹುದು. ಬಡಿದು ನೆಟ್ಟಗೆ ಮಾಡಿದರೆ ಅದು ಇನ್ನಷ್ಟು ಬಲಗುಂದಬಹುದು. ಆದ್ದರಿಂದ ಬೈಸಿಕಲ್ಲು ಸುಸ್ಥಿತಿಯಲ್ಲಿರುವಾಗಲೇ ರೇಕನ್ನು ಎರಡು ಮೂರು ಬಾರಿ ಅಳೆದು, ಸರಾಸರಿಯನ್ನು ಬರೆದಿಟ್ಟುಕೊಳ್ಳುವುದು ಲೇಸು. ಹೊಂಡದ ಪೆಟ್ಟಿನ ಬಳಿಕ ಆ ಸಂಖ್ಯೆ ಸ್ಪಷ್ಟವಾಗಿ ಕಡಮೆಯಾಗಿದ್ದರೆ, ಇಳಿಜಾರಿಗೆ ಹೊರಡುವ ಮೊದಲೇ ಬೈಸಿಕಲ್ಲನ್ನು ರಿಪೇರಿಯವನಿಗೆ ತೋರಿಸಬೇಕು.